ಮೂಳೆಪುಡಿ, ಇಂಪ್ಲಾಂಟ್ ಎರಡೂ ಒಂದೇ ದಿನ: ನನ್ನ ಅನುಭವ

"ಡಾಕ್ಟ್ರೇ, ಮೂಳೆ ಕಮ್ಮಿ ಇದೆ ಅಂತೀರಿ. ಮೊದಲು ಅದನ್ನ ತುಂಬಿಸಿ, ತಿಂಗಳುಗಟ್ಟಲೆ ಕಾದು, ಆಮೇಲೆ ಇಂಪ್ಲಾಂಟಾ?" ಮೇಲಿನ ಮುಂಭಾಗದ ಹಲ್ಲು ಬೇರಿನಲ್ಲೇ ಸೀಳಿಕೊಂಡು ಬಂದವರು ಕೇಳಿದ್ದು. ಎರಡೂ ಒಂದೇ ದಿನ ಆಗುತ್ತದೆ, ಆದರೆ ಎಲ್ಲರಿಗೂ ಅಲ್ಲ ಎಂದೆ. (ಇಂಪ್ಲಾಂಟ್ ಅಂದರೆ ಹಲ್ಲಿನ ಬೇರಿದ್ದ ಜಾಗದಲ್ಲಿ ದವಡೆಮೂಳೆಗೆ ಕೂರಿಸುವ ತಿರುಪು, ಅದರ ಮೇಲೆ ಹೊಸ ಹಲ್ಲು ಬರುತ್ತದೆ.)

ತುಂಬಿದ ಮೂಳೆಪುಡಿ ಆ ದಿನ ಇಂಪ್ಲಾಂಟನ್ನು ಹಿಡಿದುಕೊಳ್ಳುವುದಿಲ್ಲ. ಅದು ಸುಮ್ನೆ ಜಾಗ ಕಾಯುವ ಕಾಳುಗಳು. ಹಿಡಿತ ಬರಬೇಕಾದ್ದು ರೋಗಿಯ ಸ್ವಂತ ಮೂಳೆಯಿಂದಲೇ. ಹಾಗಾಗಿ ಸಿಬಿಸಿಟಿ ಸ್ಕ್ಯಾನ್‌ನಲ್ಲಿ (ದವಡೆಯ ಮೂರು ಆಯಾಮದ ಎಕ್ಸ್‌ರೇ) ನಾನು ಮೊದಲು ನೋಡುವುದು ಬೇರಿನ ತುದಿಯಿಂದಾಚೆ ಏನು ಉಳಿದಿದೆ ಅಂತ. ಇವರಿಗೆ ಅಲ್ಲಿ ಸುಮಾರು 5 ಮಿ.ಮೀ. ಗಟ್ಟಿ ಮೂಳೆ ಇತ್ತು. ತುಟಿ ಕಡೆಯ ಗೋಡೆ ತೆಳು, ಆದರೆ ಪೂರ್ತಿ ಇತ್ತು. ಕೀವು ಇರಲಿಲ್ಲ.

ಹಲ್ಲು ತೆಗೆಯುವುದರಲ್ಲೇ ಅರ್ಧ ಸಮಯ ಹೋಯಿತು. ಅವಸರ ಮಾಡಿ ಇಕ್ಕಳ ತಿರುಚಿದರೆ ಆ ತೆಳು ಗೋಡೆ ಹಲ್ಲಿನ ಜೊತೆಗೇ ಕಿತ್ತು ಬರುತ್ತದೆ. ವಸಡು ಬಿಚ್ಚದೆ, ತೆಳು ಬ್ಲೇಡಿನ ಪೆರಿಯೊಟೋಮ್‌ ಸುತ್ತಲೂ ಇಳಿಸಿ, ಬೇರನ್ನು ಮೆಲ್ಲಗೆ ಸಡಿಲಿಸಿದೆ. ಆಮೇಲೆ ಡ್ರಿಲ್. ಬೇರಿದ್ದ ಗುಂಡಿ ಡ್ರಿಲ್ಲನ್ನು ತನ್ನತ್ತ ಎಳೆಯುತ್ತದೆ, ಅದರ ಮಾತು ಕೇಳಿದರೆ ಇಂಪ್ಲಾಂಟ್ ತುಟಿ ಕಡೆಗೆ ವಾಲುತ್ತದೆ. ಅದಕ್ಕೇ ಗುಂಡಿಯ ಅಂಗುಳಿನ ಕಡೆಯ ಗೋಡೆಯಲ್ಲಿ ಶುರು ಮಾಡಿದೆ. ಕೊನೆಯ ಎರಡು ಸುತ್ತಿಗೆ, ತಿರುಪು ಎಷ್ಟು ಬಿಗಿಯಾಗಿದೆ ಅಂತ ತೋರಿಸುವ ಟಾರ್ಕ್ ರೆಂಚ್‌ನ ಮುಳ್ಳು 35 ನ್ಯೂಟನ್ ಸೆಂಟಿಮೀಟರ್‌ಗೆ ಬಂತು. ಆಗಲೇ ನಾನು ಉಸಿರು ಬಿಟ್ಟಿದ್ದು!

ಇಂಪ್ಲಾಂಟಿಗೂ ಮುಂದಿನ ಗೋಡೆಗೂ ನಡುವೆ ಸುಮಾರು 2 ಮಿ.ಮೀ. ಸಂದು ಉಳಿದಿತ್ತು. ಮೂಳೆಪುಡಿಯನ್ನು ಅವರದೇ ರಕ್ತದಲ್ಲಿ ನೆನೆಸಿದರೆ ಒದ್ದೆ ಮರಳಿನಂತೆ ಅಂಟಿಕೊಳ್ಳುತ್ತದೆ. ಅದನ್ನು ಸಂದಿಗೆ ಹಗುರವಾಗಿ ಒತ್ತಿದೆ. ಗಿಡಿದು ತುಂಬಬಾರದು, ರಕ್ತನಾಳ ನುಗ್ಗಲು ಕಾಳಿನ ನಡುವೆ ಜಾಗ ಬೇಕಲ್ವಾ? ಮೇಲೆ ಹೀಲಿಂಗ್ ಕ್ಯಾಪ್ (ವಸಡು ಮಾಯುವವರೆಗಿನ ಮುಚ್ಚಳ) ಕೂರಿಸಿದೆ. (ಪುಡಿ ಯಾವ ಪ್ರಾಣಿಯದು ಅಂತ ಮೊದಲೇ ಹೇಳಿಬಿಡುತ್ತೇನೆ. ದನದ ಮೂಳೆಯದು ಬೇಡ ಅನ್ನುವವರಿಗೆ ಕೃತಕ ಪುಡಿ ಇದೆ.)

ಎಲ್ಲವೂ ಹೀಗೇ ಸಲೀಸಾಗಿ ಮುಗಿದಿಲ್ಲ. ಒಬ್ಬರಿಗೆ ಕೆಳದವಡೆಯಲ್ಲಿ ಕೆನ್ನೆ ಕಡೆಯ ಗೋಡೆಯೇ ಇರಲಿಲ್ಲ. ವಸಡು ಬಿಚ್ಚಿ, ಪುಡಿ ಹಾಕಿ, ಪುಡಿ ಚದುರದಂತೆ ಕೊಲ್ಯಾಜೆನ್ ಮೆಂಬ್ರೇನ್ ಎಂಬ ತೆಳು ಹಾಳೆ ಹೊದಿಸಿ, ವಸಡನ್ನು ಎಳೆದು ಹೊಲಿದೆ. ತಪ್ಪಾಗಿದ್ದು ಆ ಎಳೆತದಲ್ಲೇ. ಒಳಗೆ ಪುಡಿ ತುಂಬಿದ ಮೇಲೆ ಹಳೇ ವಸಡು ಸಾಕಾಗುವುದಿಲ್ಲ. ಎಂಟನೇ ದಿನ ಹೊಲಿಗೆ ಬಾಯಿ ಬಿಟ್ಟಿತ್ತು. "ಬಾಯಲ್ಲಿ ಮರಳು ಸಿಗ್ತಿದೆ" ಅಂದರು. ಮತ್ತೆ ಬಿಚ್ಚಿ, ತೊಳೆದು, ಹೊಸದಾಗಿ ತುಂಬಬೇಕಾಯಿತು. ಈಗ ಪುಡಿಯ ಸೀಸೆ ತೆರೆಯುವ ಮೊದಲೇ ವಸಡಿನ ಒಳಪದರಕ್ಕೆ ಗೀರು ಹಾಕಿ ಸಡಿಲ ಮಾಡುತ್ತೇನೆ. ಎಳೆಯದೇ ಆಚೆ ಅಂಚನ್ನು ದಾಟಿ ಕೂತರೆ ಮಾತ್ರ ಮುಂದುವರಿಯುತ್ತೇನೆ.

ಇನ್ನೊಬ್ಬರಿಗೆ ಇಂಪ್ಲಾಂಟ್ ಕಚ್ಚಲೇ ಇಲ್ಲ. ಮುಳ್ಳು 10 ದಾಟಲಿಲ್ಲ, ಬೆರಳಲ್ಲೇ ತಿರುಗುತ್ತಿತ್ತು. ತೆಗೆದು, ಪುಡಿಯಷ್ಟೇ ತುಂಬಿ ಮುಚ್ಚಿದೆ. "ಒಂದೇ ದಿನ ಅಂದಿದ್ರಿ" ಅಂತ ಅವರಿಗೆ ಬೇಜಾರು. ಅದು ನ್ಯಾಯವೇ, ನಾನು ಮಾತು ಕೊಟ್ಟಿದ್ದೆ. ನಾಲ್ಕು ತಿಂಗಳ ಮೇಲೆ ಅದೇ ಜಾಗದಲ್ಲಿ ಗಟ್ಟಿಯಾಗಿ ಕೂತಿತು.

ಅಂದಿನಿಂದ ಸಹಿ ಹಾಕಿಸುವಾಗಲೇ ಎರಡು ಮಾತು ಹೇಳುತ್ತೇನೆ. ಒಂದೇ ದಿನವೋ ಎರಡು ಸಲವೋ ಅನ್ನುವುದು ಒಳಗೆ ನೋಡಿದ ಮೇಲೆ ತೀರ್ಮಾನ. ಮತ್ತೆ, ಒಂದೇ ದಿನ ಅಂದರೆ ಹಲ್ಲೂ ಅವತ್ತೇ ಸಿಗುತ್ತದೆ ಅಂತಲ್ಲ. ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಉಳಿತಾಯವಾಗುವುದು ಒಂದು ಆಪರೇಷನ್, ಒಂದು ಸಲದ ಊತ, ಮತ್ತೆ ಮೂಳೆಗಾಗಿ ಬೇರೆಯಾಗಿ ಕಾಯಬೇಕಿದ್ದ ತಿಂಗಳುಗಳು.