ಒಂದೇ ದೃಶ್ಯ, ಇಬ್ಬರ ಕಣ್ಣು: ನಮ್ಮ ಕೈಹಿಡಿದ ಪದ್ಧತಿ

ಇಬ್ಬರು ಫೋಟೋಗ್ರಾಫರ್‌ಗಳು ಒಂದೇ ಜಾಗಕ್ಕೆ ಹೋದರೆ ಒಂದೇ ಚಿತ್ರ ಎರಡು ಸಲ ಬರುತ್ತೆ, ಖರ್ಚು ದಂಡ ಅಂತ ಸುಮಾರು ಜನ ಹೇಳಿದ್ದರು. ಒಬ್ಬ ಸಂಪಾದಕರು "ನನಗೆ ಬೇಕಿರೋದು ಒಂದೇ, ಯಾರು ಕಮ್ಮಿಗೆ ಕೊಡ್ತೀರಿ?" ಅಂತ ನೇರವಾಗಿ ಕೇಳಿದ್ದೂ ಉಂಟು. ಈಗ ನಾನೂ ನನ್ನ ಗೆಳೆಯನೂ ಜೋಡಿ ಚಿತ್ರಗಳನ್ನೇ ಮಾರುತ್ತಿದ್ದೇವೆ, ಅಂದರೆ ಒಂದೇ ಜಾಗದಲ್ಲಿ ಅವನು ತೆಗೆದದ್ದೊಂದು, ನಾನು ತೆಗೆದದ್ದೊಂದು, ಪಕ್ಕಪಕ್ಕ ಇಟ್ಟು. ಬಿಡಿ ಚಿತ್ರಕ್ಕೆ ಬರುತ್ತಿದ್ದುದರ ಹೆಚ್ಚುಕಮ್ಮಿ ಎರಡೂವರೆ ಪಟ್ಟು ಒಂದು ಜೋಡಿಗೆ ಬರುತ್ತದೆ.

ಮೊದಮೊದಲು ಅವರವರ ಲೆನ್ಸ್ ಹಾಕಿಕೊಂಡೇ ಹೊರಡುತ್ತಿದ್ದೆವು. ಅವನದು ಅಗಲಕ್ಕೆ ನೋಡುವ 24 ಎಂಎಂ, ನನ್ನದು ದೂರದ್ದನ್ನು ಹತ್ತಿರ ತರುವ 70-200 ಜೂಮ್. ರಾತ್ರಿ ಕೂತು ಹೋಲಿಸಿದರೆ ಕಾಣುತ್ತಿದ್ದುದು ಲೆನ್ಸುಗಳ ವ್ಯತ್ಯಾಸ ಮಾತ್ರ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 84 ಡಿಗ್ರಿ ನೋಡುವವನನ್ನೂ 200ರ ತುದಿಯಲ್ಲಿ 12 ಡಿಗ್ರಿ ನೋಡುವವನನ್ನೂ ಹೋಲಿಸಿ ಏನು ಪ್ರಯೋಜನ? ಆಮೇಲೆ ಒಂದೇ ಲೆನ್ಸ್ ಹಾಕಿ ಟ್ರೈಪಾಡುಗಳನ್ನು ಪಕ್ಕಪಕ್ಕ ನಿಲ್ಲಿಸಿದೆವು. ಅದು ಇನ್ನೂ ನೀರಸ, ಕಾಲು ಕಟ್ಟಿಹಾಕಿದರೆ ಕಣ್ಣೂ ಕಟ್ಟಿಹೋಗುತ್ತದೆ. ಬಾಯಿಮಾತಿನ ಚರ್ಚೆಯೂ ಕೆಲಸಕ್ಕೆ ಬರಲಿಲ್ಲ, ಚೆನ್ನಾಗಿ ಮಾತಾಡುವವನ ಚಿತ್ರವೇ ಪ್ರತಿ ಸಲ ಗೆಲ್ಲುತ್ತಿತ್ತು.

ಕೊನೆಗೆ ನಿಂತ ಪದ್ಧತಿ ಇದು. ಇಬ್ಬರಿಗೂ 35 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್), ಒಂದು ಗಂಟೆ, ಎಲ್ಲಿ ಬೇಕಾದರೂ ನಿಲ್ಲಬಹುದು, ಒಬ್ಬರ ಸ್ಕ್ರೀನ್ ಇನ್ನೊಬ್ಬರು ಇಣುಕುವಂತಿಲ್ಲ. ಒಂದೇ ಕ್ಷಣದಲ್ಲಿ ಯಾರು ಏನು ತೆಗೆದರು ಅಂತ ಆಮೇಲೆ ನೋಡಬೇಕಲ್ಲ, ಕ್ಯಾಮೆರಾ ಗಡಿಯಾರಗಳು ಕೆಲವೇ ದಿನದಲ್ಲಿ ಸೆಕೆಂಡುಗಟ್ಟಲೆ ಆಚೀಚೆ ಆಗುತ್ತವೆ, ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಎರಡನ್ನೂ ಹೊಂದಿಸುತ್ತೇವೆ. ರಾತ್ರಿ ಫೈಲುಗಳನ್ನು ಅದಲುಬದಲು ಮಾಡಿಕೊಂಡು, ನಾನು ಅವನದರಲ್ಲಿ ಹತ್ತು-ಹನ್ನೆರಡು ಆರಿಸುತ್ತೇನೆ, ಅವನು ನನ್ನದರಲ್ಲಿ. ತನ್ನ ಚಿತ್ರವನ್ನು ತಾನೇ ಆರಿಸುವ ಹಾಗಿಲ್ಲ. ಇಡೀ ಪದ್ಧತಿಯ ಜೀವ ಇರುವುದು ಇಲ್ಲೇ.

ಒಂದು ಉದಾಹರಣೆ ಕೊಡುತ್ತೇನೆ. ಮಳೆ ನಿಂತ ಮೇಲೆ ಒಂದು ದೋಣಿಕಟ್ಟೆ. ದೋಣಿಯವನು ದಡಕ್ಕೆ ಹಗ್ಗ ಎಸೆದ. ಹಗ್ಗ ಗಾಳಿಯಲ್ಲಿ ಸುರುಳಿ ಬಿಚ್ಚಿದ ಕ್ಷಣ ನನ್ನದರಲ್ಲಿ ಸಿಕ್ಕಿತ್ತು. ಅದೇ ಸೆಕೆಂಡಿನಲ್ಲಿ ಗೆಳೆಯ ಬೆನ್ನು ತಿರುಗಿಸಿ ಕಟ್ಟೆಯ ಮರದ ಗೂಟವನ್ನು ತೆಗೆದಿದ್ದ. ವರ್ಷಗಟ್ಟಲೆ ಹಗ್ಗ ಉಜ್ಜಿ ಉಜ್ಜಿ ಗೂಟದ ನಡು ಸವೆದು ತೆಳ್ಳಗಾಗಿತ್ತು, ಆ ಸವಕಲಿನಲ್ಲಿ ಮಳೆನೀರು ನಿಂತಿತ್ತು. ನನ್ನ ಆ ಹಗ್ಗದ ಚಿತ್ರವನ್ನು ಅವನು ಆರಿಸಲೇ ಇಲ್ಲ! ಅದಕ್ಕೂ ಐದಾರು ಸೆಕೆಂಡ್ ಮೊದಲಿನದನ್ನು ಎತ್ತಿಟ್ಟು, "ಇದನ್ನ ಯಾಕೆ ಬಿಟ್ಟೆ ಮಾರಾಯ?" ಅಂದ. ಹಗ್ಗ ಹಿಡಿಯಲು ದಡದವನು ಬರೀ ಕೈ ಚಾಚಿ ನಿಂತಿದ್ದ ಚಿತ್ರ. ಆ ಕೈ, ಈ ಗೂಟ ಸೇರಿ ನಮ್ಮ ಮೊದಲ ಜೋಡಿಯಾಗಿ ಮಾರಾಟವಾಯಿತು.

ನಾನು ನಡೆಯುವುದನ್ನು ಕಾಯುತ್ತೇನೆ, ಅವನು ನಡೆದುಹೋದುದರ ಗುರುತು ಹುಡುಕುತ್ತಾನೆ. ಸಮಯ ಹೊಂದಿಸಿ ಜೋಡಿಸದಿದ್ದರೆ ಇದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ನಡುವೆ ಇನ್ನೊಂದನ್ನೂ ನೋಡಿದೆವು. ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ಬಣ್ಣ ಹೇಗೂ ಉಳಿಯುತ್ತದಲ್ಲ, ಅದಕ್ಕೇ ಕಣ್ಣಿಟ್ಟು ನೋಡುವ ಪುಟ್ಟ ಪರದೆಯನ್ನು (ಎಲೆಕ್ಟ್ರಾನಿಕ್ ವ್ಯೂಫೈಂಡರ್) ಕಪ್ಪು-ಬಿಳುಪಿಗೆ ಹಾಕಿಕೊಂಡು ಒಂದಷ್ಟು ದಿನ ತಿರುಗಿದೆವು. ನನ್ನ ಫ್ರೇಮುಗಳು ಬಿಗಿಯಾದವು, ನೆರಳನ್ನು ಮೊದಲಿಗಿಂತ ಗಟ್ಟಿಯಾಗಿ ಬಳಸಿದೆ. ಗೆಳೆಯನಿಗೆ ಮಾತ್ರ ಕೈಕಾಲೇ ಆಡಲಿಲ್ಲ, ಅವನು ಬಣ್ಣದಿಂದಲೇ ದೂರ ಅಳೆಯುವವನು.

ಇನ್ನು ದುಡ್ಡಿನ ಮಾತು. ಎರಡನೇ 35 ಎಂಎಂ ಸೆಕೆಂಡ್‌ಹ್ಯಾಂಡ್ ತಗೊಳ್ಳಲು ನನ್ನ 70-200 ಮಾರಿದೆ. ಎರಡು-ಮೂರು ಜೋಡಿ ಮಾರಾಟವಾಗುವಷ್ಟರಲ್ಲಿ ಆ ಲೆಕ್ಕ ಚುಕ್ತಾ ಆಯಿತು. ರೂಮು, ಗಾಡಿ ಹಂಚಿಕೊಳ್ಳುವುದರಿಂದ ತಲಾ ಖರ್ಚು ಮೂರನೇ ಒಂದರಷ್ಟು ಇಳಿದಿದೆ. ಅದರಲ್ಲಿ ಒಂದಿಷ್ಟನ್ನು ಜೋಡಿ ಹೊಂದಿಸಿ ನೋಡಲು ಹಾಕಿಸುವ 4×6 ಇಂಚಿನ ಪ್ರಿಂಟುಗಳು ತಿನ್ನುತ್ತವೆ, ಆದರೂ ಅದನ್ನು ಬಿಡಲಾರೆ. ಸ್ಕ್ರೀನಿನಲ್ಲಿ ಹೊಂದದ ಜೋಡಿ ಮೇಜಿನ ಮೇಲೆ ಹೊಂದಿದ್ದು ಎಷ್ಟೋ ಸಲ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅನ್ನುವುದಕ್ಕೆ ನಮ್ಮದೇ ಒಂದು ಲೆಕ್ಕವಿದೆ, ಅದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಹಕ್ಕು ಅವರವರ ಚಿತ್ರದ್ದು ಅವರವರಿಗೆ, ಜೋಡಿಯ ಹಣ ಮಾತ್ರ ಸಮಪಾಲು. ಜೋಡಿ ಒಡೆದು ಒಂದನ್ನೇ ಕೇಳಿದರೆ ಕೊಡುವುದಿಲ್ಲ ಅಂತ ಬರೆದಿಟ್ಟುಕೊಂಡಿದ್ದೇವೆ. ಹಾಗೆ ಕೇಳುವವರು ಈಗಲೂ ಇದ್ದಾರೆ.