ಗುರುವಾರ ನಾನು ಜೈಲಿನಲ್ಲಿರ್ತೀನಿ

ಗುರುವಾರ ಬೆಳಿಗ್ಗೆ ಫೋನ್ ಮಾಡಿದರೆ ನಾನು ಸಿಗುವುದಿಲ್ಲ. ಜೈಲಿನ ಗೇಟಿನಲ್ಲಿ ಫೋನ್ ಒಪ್ಪಿಸಿ, ಬ್ಯಾಗ್ ತೋರಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಒಳಗೆ ಹೋದರೆ ಫೋನ್ ಮತ್ತೆ ಕೈಗೆ ಬರುವುದು ಎರಡು ಗಂಟೆಯ ಮೇಲೆ. ನಮ್ಮಮ್ಮ ಮೊದಮೊದಲು ನೆಂಟರ ಮುಂದೆ "ಮಗಳು ಆಸ್ಪತ್ರೆ ಕೆಲಸದಲ್ಲಿದ್ದಾಳೆ" ಅಂತಷ್ಟೇ ಹೇಳುತ್ತಿದ್ದರು. ಈಗ ಅವರೇ "ಇವತ್ತು ಗುರುವಾರ ಅಲ್ವಾ, ಜೈಲಿಗೆ ಹೋಗಿದ್ದಾಳೆ" ಅನ್ನುತ್ತಾರೆ, ಕೇಳಿದವರ ಮುಖ ನೋಡಿ ನಗುತ್ತಾರೆ.

ನಾನು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಅಂದರೆ ಮಾನಸಿಕ ಕಾಯಿಲೆಯವರ ಜೊತೆ, ಅವರ ಮನೆಯವರ ಜೊತೆ ಕೆಲಸ ಮಾಡುವವಳು. ಎಂಎಸ್‌ಡಬ್ಲ್ಯು ಆದಮೇಲೆ ಎರಡು ವರ್ಷದ ಎಂಫಿಲ್ ಮಾಡಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಸೇರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ನೋಡಿದ ಪ್ರಯೋಗವೇ ಆಮೇಲೆ, 1996ರಲ್ಲಿ, ಇಡೀ ದೇಶದ ಈ ಕಾರ್ಯಕ್ರಮ ಆಯಿತು. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಕ್ಲಿನಿಕ್, ಗುರುವಾರ ಜೈಲು, ಉಳಿದ ದಿನ ಜಿಲ್ಲಾಸ್ಪತ್ರೆ ಮತ್ತು ಮುಗಿಯದ ವರದಿಗಳು. ಜೈಲು ಯಾವುದು ಅಂತ ಹೇಳುವುದಿಲ್ಲ. ಬಯಲುಸೀಮೆಯ ಒಂದು ಜೈಲು, ಅಷ್ಟು ಸಾಕು.

ಈ ಕೆಲಸಕ್ಕೆ ಬರಬೇಕು ಅಂದುಕೊಂಡಿರುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ, ಒಳಗೆ ಹೇಗೆ ಕೌನ್ಸೆಲಿಂಗ್ ಮಾಡ್ತೀರಾ ಮೇಡಂ ಅಂತ. ಅವರ ಕಲ್ಪನೆಯಲ್ಲಿ ಒಂದು ಕೋಣೆ, ಎರಡು ಕುರ್ಚಿ, ಮುಚ್ಚಿದ ಬಾಗಿಲು ಇರುತ್ತದೆ. ನನಗೆ ಕೊಟ್ಟಿರುವುದು ಜೈಲಿನ ಆಸ್ಪತ್ರೆಯ ವರಾಂಡದ ಒಂದು ಮೂಲೆ. ಪಕ್ಕದಲ್ಲೇ ಫಾರ್ಮಸಿಯ ಕಿಟಕಿ. ನಾಲ್ಕು ಹೆಜ್ಜೆ ಆಚೆ ಒಬ್ಬ ವೀಕ್ಷಕರು, ಅಂದರೆ ಜೈಲಿನ ವಾರ್ಡರ್, ನಿಂತಿರುತ್ತಾರೆ. ನಿಲ್ಲಲೇಬೇಕು, ಅದು ಅವರ ಡ್ಯೂಟಿ. ಅವರಿಗೆ ಕೇಳಿಸದ ಹಾಗೆ, ಆದರೆ ಅವರಿಗೆ ಕಾಣುವ ಹಾಗೆ ಕುರ್ಚಿ ಎಲ್ಲಿ ಹಾಕಬೇಕು ಅನ್ನುವುದನ್ನು ಕಂಡುಹಿಡಿಯೋಕೇ ನನಗೆ ಎರಡು ತಿಂಗಳು ಹಿಡಿಯಿತು.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಕಲಿಸಿದ ಹಾಗೆ ಪೂರ್ತಿ ಕೇಸ್ ಹಿಸ್ಟರಿ ತೆಗೆಯುತ್ತಿದ್ದೆ. ಯಾಕೆ ಬಂದೆ, ಏನಾಯಿತು, ಆ ದಿನ ಯಾರಿದ್ದರು, ಎಲ್ಲವೂ. ಒಬ್ಬ ಚಿಕ್ಕ ಹುಡುಗ, ಇಪ್ಪತ್ತೋ ಇಪ್ಪತ್ತೊಂದೋ, ಪೋಕ್ಸೊ ಕೇಸು, ಅಳುತ್ತಾ ಎಲ್ಲಾ ಹೇಳಿದ. ನಾನು ಎಲ್ಲವನ್ನೂ ಕೌನ್ಸೆಲಿಂಗ್ ರಿಜಿಸ್ಟರಿನಲ್ಲಿ ಚಂದವಾಗಿ ಬರೆದೆ. ರಿಜಿಸ್ಟರ್ ಅಲ್ಲೇ ಮೇಜಿನ ಮೇಲೆ ಉಳಿಯಿತು. ಯಾರು ಓದಿದರೋ ಗೊತ್ತಿಲ್ಲ, ಮುಂದಿನ ಗುರುವಾರದ ಹೊತ್ತಿಗೆ ಅವನ ಕೇಸು ಇಡೀ ಬ್ಯಾರಕ್ಕಿಗೆ ಗೊತ್ತಾಗಿತ್ತು. ಒಳಗೆ ಅಂಥ ಕೇಸಿನವರಿಗೆ ಏನು ಮರ್ಯಾದೆ ಸಿಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಹಣೆ ಊದಿಕೊಂಡಿತ್ತು. "ಬಿದ್ದೆ ಮೇಡಂ" ಅಂದ. ಆಮೇಲೆ ಅವನು ನನ್ನ ಹತ್ತಿರ ಬರಲೇ ಇಲ್ಲ, ಕರೆಸಿದರೂ ಬರಲಿಲ್ಲ.

ಅವತ್ತಿನಿಂದ ರಿಜಿಸ್ಟರಿನಲ್ಲಿ ಬರೆಯುವುದು ಮೂರೇ ಸಾಲು. ನಿದ್ದೆ ಊಟ ಹೇಗಿದೆ, ಮಾತ್ರೆ ನಡೀತಿದೆಯಾ, ಮುಂದೆ ಯಾವಾಗ ನೋಡಬೇಕು. ಉಳಿದದ್ದು ನನ್ನ ಬ್ಯಾಗಿನ ನೋಟ್‌ಬುಕ್ಕಿನಲ್ಲಿ, ಅದು ನನ್ನ ಜೊತೆಯೇ ಹೊರಗೆ ಬರುತ್ತದೆ. ಕೇಸಿನ ಬಗ್ಗೆ ನಾನಾಗಿ ಕೇಳುವುದನ್ನೇ ಬಿಟ್ಟೆ. ಅವರು ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಹೇಳುವ ಮುಂಚೆಯೇ ಒಂದು ಮಾತು ತಿಳಿಸಿರುತ್ತೇನೆ: ನೀವು ನಿಮಗೇ ಏನಾದರೂ ಮಾಡಿಕೊಳ್ಳುವ ಯೋಚನೆಯಲ್ಲಿದ್ದರೆ, ಅಥವಾ ಇನ್ನೊಬ್ಬರಿಗೆ ಮಾಡುವ ಹಾಗಿದ್ದರೆ, ಅದನ್ನು ಮಾತ್ರ ನಾನು ಮುಚ್ಚಿಡೋಕಾಗಲ್ಲ. ಇದನ್ನು ಕೇಳಿ ಕೆಲವರು ಬಾಯಿ ಮುಚ್ಚಿಬಿಡುತ್ತಾರೆ ಅನ್ನುವುದು ನಿಜ. ಆದರೂ ಸುಳ್ಳು ಭರವಸೆ ಕೊಡುವುದಕ್ಕಿಂತ ಇದೇ ಮೇಲು ಅಂತ ನನಗನ್ನಿಸುತ್ತದೆ.

ಕೇಸಿನ ಬದಲು ನಾನು ಕೇಳುವುದು ಮನೆಯ ಬಗ್ಗೆ. ಮನೆಯಲ್ಲಿ ಯಾರಿದ್ದಾರೆ, ನೀವು ಇಲ್ಲಿರುವುದು ಯಾರಿಗೆ ಗೊತ್ತು, ಕೊನೆಗೆ ಮುಲಾಖಾತಿಗೆ ಬಂದವರು ಯಾರು. ಈ ಮೂರು ಪ್ರಶ್ನೆಯಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಇದನ್ನು ನನಗೆ ಕಲಿಸಿದವನು ಒಬ್ಬ ಕುರಿ ಕಾಯುವವನು.

ಸುಮಾರು ನಲವತ್ತು ವಯಸ್ಸು. ಕಳ್ಳತನದ ಕೇಸು, ವಿಚಾರಣಾಧೀನ. ಬಂದು ಮೂರು ವಾರ ಆಗಿತ್ತು, ಒಂದು ಮಾತಿಲ್ಲ. ಸ್ನಾನ ಇಲ್ಲ. ಊಟದ ತಟ್ಟೆಯನ್ನು ಮೂಸಿ ನೋಡಿ ಪಕ್ಕಕ್ಕೆ ಇಡುತ್ತಿದ್ದ, ಪಕ್ಕದವನು ಉಂಡು ಮುಗಿಸಿದ ಮೇಲೆ ಆ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುತ್ತಿದ್ದ. "ನಾಟಕ ಮೇಡಂ, ಆಸ್ಪತ್ರೆಗೆ ಹೋಗೋ ಪ್ಲಾನ್ ಇವನದು" ಅಂದರು ವೀಕ್ಷಕರು. ನಾಟಕ ಮಾಡುವವರು ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾಟಕ ಮಾಡುವವನು ಯಾರಾದರೂ ನೋಡುವಾಗ ಮಾಡುತ್ತಾನೆ. ಇವನು ಯಾರೂ ನೋಡದಿದ್ದಾಗಲೂ ತಟ್ಟೆ ಮೂಸುತ್ತಿದ್ದ ಅಂತ ಹೇಳಿದ್ದು ಅದೇ ಬ್ಯಾರಕ್ಕಿನ ಒಬ್ಬ ಮುದುಕ ಬಂದಿ. ಬೇರೆಯವರ ಎಂಜಲು ಮಾತ್ರ ತಿನ್ನುತ್ತಾನೆ ಅಂದರೆ ತನ್ನ ಊಟಕ್ಕೆ ವಿಷ ಹಾಕಿದ್ದಾರೆ ಅನ್ನುವ ಭಯ ಇರಬೇಕು ಅಂತ ನನಗೆ ಹೊಳೆಯಿತು.

ಎದುರಿಗೆ ಕೂರಿಸಿಕೊಂಡು "ಮನೇಲಿ ಯಾರಿದ್ದಾರಣ್ಣ?" ಅಂದೆ. ತುಂಬಾ ಹೊತ್ತು ಸುಮ್ನೆ ಇದ್ದ. ಆಮೇಲೆ "ಅಕ್ಕ" ಅಂದ. ಮತ್ತೆ ಇಪ್ಪತ್ತು ನಿಮಿಷ ಕಾದು ಸಿಕ್ಕಿದ್ದು ಊರಿನ ಹೆಸರು. ಅಷ್ಟೇ.

ಹೊರಗೆ ಬಂದು ಫೋನ್ ಇಸಿದುಕೊಂಡು, ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತು ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಹುಡುಕಿದೆ. ಒಂದು ಗಂಟೆಯಲ್ಲಿ ಅಕ್ಕನೇ ಲೈನಿಗೆ ಬಂದರು. ತಮ್ಮ ಎಲ್ಲೋ ರೈಲಿಗೆ ಬಿದ್ದು ಸತ್ತಿರಬೇಕು ಅಂತ ಅವರು ಅಂದುಕೊಂಡಿದ್ದರು. ಅವನಿಗೆ ಎಂಟು ವರ್ಷದಿಂದ ಮಾತ್ರೆ ನಡೆಯುತ್ತಿತ್ತಂತೆ. ಆಸ್ಪತ್ರೆಯ ಚೀಟಿ ಎಲ್ಲ ರೇಷನ್ ಕಾರ್ಡ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಗೋಡೆಗೆ ನೇತಾಡುತ್ತಾ ಇತ್ತು. ಅವರ ಮಗ ಅದರ ಫೋಟೊ ವಾಟ್ಸಾಪಿಗೆ ಕಳಿಸಿದ. ಕೋರ್ಟಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಮರುದಿನ ನಮ್ಮ ಸೈಕಿಯಾಟ್ರಿಸ್ಟ್ ಡಾಕ್ಟರಿಗೂ ಜೈಲಿನ ಮೆಡಿಕಲ್ ಆಫೀಸರಿಗೂ ಕೊಟ್ಟೆ. ನಾಟಕ ಅನ್ನುವ ಮಾತು ಅಲ್ಲಿಗೆ ನಿಂತಿತು. ಹಳೆಯ ಮಾತ್ರೆಯನ್ನೇ ಶುರು ಮಾಡಿದರು. ಐದನೇ ವಾರ ಅವನೇ ನನ್ನನ್ನು ಕೇಳಿದ, ಕುರಿ ಯಾರು ನೋಡ್ಕೋತಿದ್ದಾರೆ ಅಂತ.

ಇಂಥವರು ಅಪರೂಪ ಏನಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ನಿಮ್ಹಾನ್ಸ್ ತಂಡ 5024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟಿತು. ಮಾನಸಿಕ ಕಾಯಿಲೆ ಅಥವಾ ನಶೆಯ ಸಮಸ್ಯೆ, ಎರಡರಲ್ಲಿ ಒಂದಾದರೂ ಇದ್ದವರು 79.6%. ನಶೆಯನ್ನು ಬಿಟ್ಟು ಲೆಕ್ಕ ಹಾಕಿದರೂ 27.6%. ಹೊಸದಾಗಿ ಬಂದ ಸಿಬ್ಬಂದಿಗೆ ತರಬೇತಿ ಕೊಡುವಾಗ ನಾನು ಇದನ್ನು ಹೇಳಿದರೆ ಮೊದಲು ಯಾರೂ ನಂಬುವುದಿಲ್ಲ. ಆಮೇಲೆ ಯಾರಾದರೂ ಒಬ್ಬರು, "ಕುಡಿತ ಸೇರಿಸಿದರೆ ಹೌದು ಬಿಡಿ ಮೇಡಂ" ಅನ್ನುತ್ತಾರೆ.

ಕುಡಿತದ ವಿಷಯ ಬಂತಲ್ಲ, ಇದೊಂದು ಹೇಳಲೇಬೇಕು. ದಿನಾ ಕುಡಿಯುವವನು ಜೈಲಿಗೆ ಬಂದ ಕೂಡಲೇ ಕುಡಿತ ಒಮ್ಮೆಲೇ ನಿಲ್ಲುತ್ತದೆ. ಮೊದಲ ದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. ಮೊದಲ ಎರಡು ಮೂರು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರು ಕಂಬಳಿಯಿಂದ ಇಲ್ಲದ ಹುಳ ಹೆಕ್ಕಲು ಶುರು ಮಾಡುತ್ತಾರೆ, ಗೋಡೆಯ ಜೊತೆ ಮಾತಾಡುತ್ತಾರೆ, ತಾನೆಲ್ಲಿದ್ದೇನೆ ಅಂತಲೇ ಗೊತ್ತಿರುವುದಿಲ್ಲ. ಇದಕ್ಕೆ ಚಿಕಿತ್ಸೆ ಆಗದಿದ್ದರೆ ಜೀವ ಹೋಗಬಹುದು. ಬ್ಯಾರಕ್ಕಿನವರು ಗಾಳಿ ಸೋಕಿದೆ ಅನ್ನುತ್ತಾರೆ, ಯಾರೋ ನಿಂಬೆಹಣ್ಣು ತರಿಸುವ ಮಾತಾಡುತ್ತಾರೆ. ನಾನು ಗೇಟಿನಲ್ಲಿ ದಾಖಲಾತಿ ಮಾಡಿಕೊಳ್ಳುವವರನ್ನು ಕಾಡಿ ಬೇಡಿ ಎರಡು ಪ್ರಶ್ನೆ ಸೇರಿಸಿಕೊಂಡೆ. ದಿನಾ ಕುಡೀತೀಯಾ? ಕೊನೆಗೆ ಕುಡಿದಿದ್ದು ಯಾವಾಗ? ಹೌದು ಅಂದವನ ಹೆಸರು ಅವತ್ತೇ ಡಾಕ್ಟರಿಗೆ ಹೋಗಬೇಕು. ವಿಟಮಿನ್ ಬಿ1, ನಡುಕ ಇಳಿಸುವ ಮಾತ್ರೆ, ಎಲ್ಲಾ ಅವರು ನೋಡಿಕೊಳ್ಳುತ್ತಾರೆ. ನನ್ನ ನೌಕರಿಯಲ್ಲಿ ಮಾಡಿದ ಅತ್ಯಂತ ಉಪಯೋಗದ ಕೆಲಸ ಯಾವುದು ಅಂದರೆ ಈ ಎರಡು ಪ್ರಶ್ನೆಯೇ ಅನ್ನುತ್ತೇನೆ, ಎಂಫಿಲ್‌ನಲ್ಲಿ ಓದಿದ ಯಾವ ಥೆರಪಿಯೂ ಅಲ್ಲ.

ಮಾತ್ರೆಗಳದ್ದು ಇನ್ನೊಂದು ಕಥೆ. ಒಳಗೆ ಮಾತ್ರೆ ಅಂದರೆ ದುಡ್ಡು. ನಿದ್ದೆ ಮಾತ್ರೆಗೆ ಬೀಡಿ ಸಿಗುತ್ತದೆ. ಕೈಕಾಲು ಬಿಗಿಯಾಗದಿರಲಿ ಅಂತ ಕೊಡುವ ಟ್ರೈಹೆಕ್ಸಿಫೆನಿಡಿಲ್‌ಗೂ ಗಿರಾಕಿಗಳಿದ್ದಾರೆ, ಜಾಸ್ತಿ ನುಂಗಿದರೆ ಅದೂ ಒಂಥರಾ ಅಮಲು. ಹಾಗಾಗಿ ನರ್ಸ್ ಎದುರಿಗೇ ನುಂಗಿಸಿ, ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡುತ್ತಾರೆ. ಇದರಲ್ಲಿ ನಿಜವಾದ ಕಾಯಿಲೆಯವರಿಗೆ ಅವಮಾನ ಆಗುತ್ತದೆ. ಒಬ್ಬ ಮೇಷ್ಟ್ರು, ನಿವೃತ್ತಿಗೆ ಹತ್ತಿರ ಇದ್ದವರು, ಬಾಯಿ ತೆರೆಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತಿಂಗಳಿಗೊಂದು ಇಂಜೆಕ್ಷನ್ ಸಾಕಾಗುವವರಿಗೆ ಡಾಕ್ಟರು ಅದನ್ನೇ ಬರೆಯುತ್ತಾರೆ. ಎಲ್ಲರಿಗೂ ಅದು ಆಗುವುದಿಲ್ಲ.

ಕಾನೂನು ನಮ್ಮ ಕಡೆಗೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ ಪೂರ್ತಿಯಾಗಿ ಮಾನಸಿಕ ಕಾಯಿಲೆ ಇರುವ ಬಂದಿಗಳ ಬಗ್ಗೆಯೇ. ಅಪರಾಧವನ್ನೇ ಮಾಡದ ಮಾನಸಿಕ ರೋಗಿಗಳನ್ನು ಜೈಲಿಗೆ ಹಾಕುವುದು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದೆ. ಅಸ್ಸಾಮಿನಲ್ಲಿ ಮಚಾಂಗ್ ಲಾಲುಂಗ್ ಅನ್ನುವವರು 1951ರಲ್ಲಿ ಒಳಗೆ ಹೋದವರು ವಿಚಾರಣೆಯೇ ಇಲ್ಲದೆ 2005ರಲ್ಲಿ ಹೊರಗೆ ಬಂದರು. 54 ವರ್ಷ! ಇದನ್ನು ನಾನು ಉಚಿತ ಕಾನೂನು ನೆರವಿಗೆ ಬರುವ ಪ್ರತಿ ಹೊಸ ಪ್ಯಾನೆಲ್ ವಕೀಲರಿಗೆ ಹೇಳುತ್ತೇನೆ, ಸ್ವಲ್ಪ ಹೆದರಲಿ ಅಂತ. ಆದರೆ ಕಾಯ್ದೆ ಪುಸ್ತಕದಲ್ಲಿ ಎಷ್ಟೇ ಚೆನ್ನಾಗಿದ್ದರೂ ರೋಗಿಯನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯಲು ಎಸ್ಕಾರ್ಟ್ ಬೇಕು. ಎಸ್ಕಾರ್ಟ್ ಬರುವುದು ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆ, ಅಂದರೆ ಡಿಎಆರ್‌ನಿಂದ. ಗಣೇಶ ವಿಸರ್ಜನೆಯ ಬಂದೋಬಸ್ತ್ ಇದ್ದರೆ ಪೊಲೀಸರಿಲ್ಲ, ಮಂತ್ರಿಗಳು ಊರಿಗೆ ಬಂದರೆ ಪೊಲೀಸರಿಲ್ಲ. ಅಪಾಯಿಂಟ್‌ಮೆಂಟ್ ತಗೊಳ್ಳುವ ಮುಂಚೆ ನಾನು ಕ್ಯಾಲೆಂಡರಿನಲ್ಲಿ ಹಬ್ಬ ನೋಡುತ್ತೇನೆ.

ಇನ್ನು ಜಾಮೀನು. ಒಳಗೆ ಇರುವವರ ಬೇಸರಕ್ಕೆಲ್ಲ ಮಾತ್ರೆ ಇಲ್ಲ. ಎಷ್ಟೋ ಜನರಿಗೆ ಜಾಮೀನು ಸಿಕ್ಕಿರುತ್ತದೆ, ಶ್ಯೂರಿಟಿಗೆ ಪಹಣಿ ಹಿಡಿದು ಕೋರ್ಟಿಗೆ ಬರುವವರು ಸಿಕ್ಕಿರುವುದಿಲ್ಲ. "ನಿದ್ದೆ ಬರ್ತಿಲ್ಲ ಮೇಡಂ" ಅಂತ ಬಂದವರ ಹತ್ತಿರ ಐದು ನಿಮಿಷ ಮಾತಾಡಿದರೆ ಇದು ಹೊರಗೆ ಬರುತ್ತದೆ. ಅಂಥವರ ಪಟ್ಟಿ ಮಾಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡುತ್ತೇನೆ. ಬಂಧನದಲ್ಲಿರುವ ಯಾರಿಗೇ ಆಗಲಿ ಅಲ್ಲಿ ವಕೀಲರು ಉಚಿತ, ಬಡವರಿಗೆ ಮಾತ್ರ ಅಂತ ಏನಿಲ್ಲ. ಇದು ಎಷ್ಟೋ ಬಂದಿಗಳಿಗೆ ಗೊತ್ತಿಲ್ಲ. ಷರತ್ತು ಸಡಿಲಿಸಿ ಅಂತ ಆ ವಕೀಲರು ಅರ್ಜಿ ಹಾಕಿದ ದಿನ ನಿದ್ದೆ ತಾನಾಗಿಯೇ ಬಂದದ್ದನ್ನು ಕಂಡಿದ್ದೇನೆ.

ಭಯ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಬಂದಿಗಳಿಂದ ಇಲ್ಲ. ನನಗೆ ಭಯ ಶನಿವಾರ ಭಾನುವಾರದ್ದು. ಶುಕ್ರವಾರ ಸಂಜೆ ಯಾರದೋ ಜಾಮೀನು ಅರ್ಜಿ ವಜಾ ಆಗಿರುತ್ತದೆ, ಅಥವಾ ಶಿಕ್ಷೆ ಆಗಿರುತ್ತದೆ, ಇಲ್ಲವೇ ಮುಲಾಖಾತಿನಲ್ಲಿ ಹೆಂಡತಿ "ಇನ್ನು ಬರಲ್ಲ" ಅಂದು ಹೋಗಿರುತ್ತಾಳೆ. ಜೈಲಿಗೆ ಬಂದ ಮೊದಲ ವಾರ ಮತ್ತು ಇಂಥ ಸುದ್ದಿಯ ನಂತರದ ಎರಡು ಮೂರು ರಾತ್ರಿಗಳು, ಕಣ್ಣಿಡಬೇಕಾದದ್ದು ಅವಾಗ. ಅವರನ್ನು ಒಂಟಿಯಾಗಿ ಬೇರೆ ಕೋಣೆಗೆ ಹಾಕುವುದು ಕೆಟ್ಟ ಉಪಾಯ. ಸುರಕ್ಷಿತ ಅಂತ ಅನ್ನಿಸುತ್ತದೆ, ಆದರೆ ಆಗುವುದು ಉಲ್ಟಾ. ಆ ಬ್ಯಾರಕ್ಕಿನಲ್ಲೇ ಇಬ್ಬರು ಹಿರಿಯ ಬಂದಿಗಳಿಗೆ ಹೇಳಿಡುತ್ತೇವೆ, ರಾತ್ರಿ ಇವನು ಬಾತ್‌ರೂಮಿಗೆ ಎದ್ದರೆ ನೀವೂ ಏಳಿ ಅಂತ. ಅದೇ ಮುದುಕ, ತಟ್ಟೆ ಮೂಸುವುದನ್ನು ಗಮನಿಸಿದವನು, ಇದರಲ್ಲಿ ಗಟ್ಟಿಗ. ಕೊಲೆ ಕೇಸಿನಲ್ಲಿ ಶಿಕ್ಷೆ ಆದವನು. ಮೂರು ರಾತ್ರಿ ನಿದ್ದೆಗೆಟ್ಟು ಒಬ್ಬ ಹುಡುಗನನ್ನು ಕಾದ.

ಬಿಡುಗಡೆಯದ್ದೇ ಇನ್ನೂ ಸರಿಹೋಗಿಲ್ಲ. ಕೋರ್ಟಿನ ಆದೇಶ ಬಂದು ತಲುಪುವುದು ಸಂಜೆ. ಬಾಗಿಲು ತೆರೆಯುವ ಹೊತ್ತಿಗೆ ಕತ್ತಲಾಗಿರುತ್ತದೆ, ಹಳ್ಳಿಯ ಬಸ್ಸು ಹೋಗಿರುತ್ತದೆ. ಆ ಕುರಿ ಕಾಯುವವನೂ ಹೀಗೇ ಹೋದ, ಒಂದು ಮಂಗಳವಾರ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಗುರುವಾರ ಬಂದು ನೋಡಿದರೆ ಅವನ ಮಾತ್ರೆಗಳೆಲ್ಲ ಫಾರ್ಮಸಿಯ ಡಬ್ಬಿಯಲ್ಲಿ ಹಾಗೇ ಕೂತಿವೆ. ಮತ್ತೆ ಟೀ ಅಂಗಡಿ, ಮತ್ತೆ ಆಶಾ ಕಾರ್ಯಕರ್ತೆಗೆ ಫೋನು. ಅಕ್ಕನ ಮನೆ ತಲುಪಿದ್ದಾನೆ, ಮಾತ್ರೆ ಇಲ್ಲ, ಎರಡು ರಾತ್ರಿಯಿಂದ ಮಲಗಿಲ್ಲ ಅಂದರು. ಮುಂದಿನ ಮಂಗಳವಾರ ಅವರ ತಾಲ್ಲೂಕಿನ ಕ್ಲಿನಿಕ್ಕಿಗೆ ಕರೆಸಿದೆವು.

ಈಗ ಮಾತ್ರೆ ತಗೊಳ್ಳುವ ಪ್ರತಿಯೊಬ್ಬ ವಿಚಾರಣಾಧೀನ ಬಂದಿಯ ಹೆಸರಿನಲ್ಲೂ ಒಂದೊಂದು ಕಂದು ಕವರು ಗೇಟಿನ ಮೇಜಿನ ಡ್ರಾಯರಿನಲ್ಲಿದೆ. ಹದಿನೈದು ದಿನದ ಮಾತ್ರೆ, ಚೀಟಿಯ ಝೆರಾಕ್ಸ್, ಯಾವ ವಾರ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆದ ಹಾಳೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್. ಹೊರಗೆ ಹೋಗುವವನು ತನ್ನ ಬೆಲ್ಟು, ಪರ್ಸು ವಾಪಸ್ ತಗೊಂಡು ಸಹಿ ಮಾಡುವ ಜಾಗದಲ್ಲೇ ಅದನ್ನೂ ಕೊಡುತ್ತಾರೆ. ಮೊನ್ನೆ ಗುರುವಾರ ಎಣಿಸಿದೆ, ಡ್ರಾಯರಿನಲ್ಲಿ ಹದಿನೇಳು ಕವರು ಇದ್ದವು. ಎರಡರ ಮೇಲೆ ದಿನಾಂಕ ಮೀರಿತ್ತು, ಬದಲಾಯಿಸಿ ಬಂದೆ.