ಡೆಸ್ಕ್‌ಟಾಪ್‌ಗೆ ಎರಡನೇ ಹಾರ್ಡ್ ಡಿಸ್ಕ್ ಕೂಡಿಸುವುದು

ಲಗ್ನದ ಸೀಜನ್ ಮುಗಿಯುವಷ್ಟರಲ್ಲಿ ಬಾಗಲಕೋಟೆ, ಜಮಖಂಡಿ ಕಡೆಯ ಫೋಟೋ ಸ್ಟುಡಿಯೋಗಳ ಸಿಸ್ಟಮ್‌ನಲ್ಲಿ ಜಾಗವೂ ಮುಗಿದಿರುತ್ತದೆ. ಅದಕ್ಕೆ ಹೊಸ ಕಂಪ್ಯೂಟರ್ ಬೇಕಿಲ್ಲ, ಇನ್ನೊಂದು ಡಿಸ್ಕ್ ಒಳಗೆ ಕೂಡಿಸಿದರೆ ಸಾಕು. ಅರ್ಧ ತಾಸಿನ ಕೆಲಸ. ಆದರೆ ಕರೆಂಟಿನ ವೈರಿನಲ್ಲಿ ತಪ್ಪಿದರೆ ಹೊಸ ಡಿಸ್ಕ್ ಚಾಲೂ ಆಗುವ ಮೊದಲೇ ಸುಟ್ಟೀತು.

ಡಿಸ್ಕ್ ಕೊಳ್ಳುವ ಮುಂಚೆ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಒಳಗೆ ನೋಡಿ. ಮದರ್‌ಬೋರ್ಡಿನಲ್ಲಿ ಒಂದು ಸಾಟಾ ಪೋರ್ಟ್ (ಡಿಸ್ಕಿನ ಡೇಟಾ ಕೇಬಲ್ ಚುಚ್ಚುವ ಕಿಂಡಿ), ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಬರುವ ಒಂದು ಸಾಟಾ ಪವರ್ ಪ್ಲಗ್, 3.5 ಇಂಚಿನ ಒಂದು ಖಾನೆ ಖಾಲಿ ಇರಬೇಕು. ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡಿಗೇ ನೇರ ಕೂರುವ ಪಟ್ಟಿಯಂಥ ಡಿಸ್ಕ್) ಹಾಕಿದ್ದರೆ ಕೆಲವು ಬೋರ್ಡುಗಳಲ್ಲಿ ಒಂದೆರಡು ಸಾಟಾ ಪೋರ್ಟ್ ತಾವೇ ಬಂದ್ ಆಗುತ್ತವೆ. ಯಾವುವು ಎಂಬುದು ಬೋರ್ಡಿನ ಮ್ಯಾನುಯಲ್‌ನಲ್ಲಿ ಇರುತ್ತದೆ. ಬಿಡಿಯಾಗಿ ಮಾರುವ ಡಿಸ್ಕ್ ಜೊತೆ ಸಾಮಾನ್ಯವಾಗಿ ಕೇಬಲ್ಲೂ ಇರದು, ಸ್ಕ್ರೂ ಕೂಡ ಇರದು. ಅರ್ಧ ಮೀಟರಿನ ಡೇಟಾ ಕೇಬಲ್ ಒಂದು, ದಪ್ಪ ಥ್ರೆಡ್ಡಿನ 6-32 ಅಳತೆಯ ಸ್ಕ್ರೂ ನಾಲ್ಕು ತನ್ನಿ. ಎಸ್‌ಎಸ್‌ಡಿಗೆ ಬರುವ ಸಣ್ಣ ಎಂ3 ಸ್ಕ್ರೂ 3.5 ಇಂಚಿನ ಡಿಸ್ಕಿಗೆ ಹಿಡಿಯದು. ವಿಡಿಯೋ ಎಡಿಟಿಂಗ್ ಇದೇ ಡಿಸ್ಕ್ ಮೇಲೆ ಮಾಡುವುದಿದ್ದರೆ ಸಿಎಂಆರ್ ಜಾತಿಯದನ್ನೇ (ಡೇಟಾ ಬರೆಯುವ ಗೆರೆಗಳು ಒಂದರ ಮೇಲೊಂದು ಹಾಯದ ಡಿಸ್ಕ್) ಕೇಳಿ. ಗೆರೆಗಳು ಒಂದರ ಮೇಲೊಂದು ಹಾಯುವ ಎಸ್‌ಎಂಆರ್ ಡಿಸ್ಕ್ ಫೋಟೋ ತುಂಬಿಡುವುದಕ್ಕೆ ಅಡ್ಡಿಯಿಲ್ಲ, ಆದರೆ ಒಮ್ಮೆಲೇ ನೂರಾರು ಜಿಬಿ ಬರೆಯಹೋದರೆ ನಡುವೆ ತೆವಳತೊಡಗುತ್ತದೆ.

ಸಾಟಾ ಪವರ್ ಪ್ಲಗ್ ಉಳಿದಿಲ್ಲವೆಂದರೆ ಹಳೆಯ 4 ಪಿನ್ನಿನ ಮೋಲೆಕ್ಸ್‌ಗೆ ಕನ್ವರ್ಟರ್ ಹಾಕಬಹುದು. ಪ್ಲಗ್ಗಿನ ಹಿಂದೆ ವೈರುಗಳು ಬೇರೆಬೇರೆಯಾಗಿ ಕಾಣುವಂಥದ್ದನ್ನು ಆರಿಸಿ. ಪ್ಲಾಸ್ಟಿಕ್ ಕರಗಿಸಿ ಒಂದೇ ಗಟ್ಟಿಯಾಗಿ ಎರಕ ಹೊಯ್ದ ಅಗ್ಗದ ಪ್ಲಗ್ಗಿನಲ್ಲಿ ವೈರು ಒಳಗೇ ಸರಿದು ಶಾರ್ಟ್ ಆಗಿ ಬೆಂಕಿ ಹೊತ್ತುವುದುಂಟು. ಎಸ್‌ಎಂಪಿಎಸ್ ಮಾಡ್ಯುಲರ್ (ಕೇಬಲ್ಲುಗಳನ್ನು ಅದರಿಂದಲೇ ಬಿಚ್ಚಿ ಹಾಕುವಂಥದ್ದು) ಆಗಿದ್ದರೆ ಇನ್ನೂ ಎಚ್ಚರ ಬೇಕು. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಚುಚ್ಚಬೇಡಿ. ಪ್ಲಗ್ ಸರಿಯಾಗಿ ಕೂತರೂ ಪಿನ್ನುಗಳ ಜೋಡಣೆ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಡಿಸ್ಕಿನ ಬೋರ್ಡ್ ಅಲ್ಲೇ ಸುಡುತ್ತದೆ.

ಈಗ ಶಟ್‌ಡೌನ್ ಮಾಡಿ, ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬಿಚ್ಚಿದ್ದೇ ಆಯಿತು, ಧೂಳನ್ನೂ ಹೊಡೆದುಬಿಡಿ. ಎರೆ ಹೊಲದ ಸೀಮೆಯ ಸಣ್ಣ ಧೂಳು ಫ್ಯಾನಿನ ರೆಕ್ಕೆಗೆ ಹೆಪ್ಪುಗಟ್ಟಿರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿರಿ, ಗಿರಗಿರ ಸುತ್ತಲು ಬಿಟ್ಟರೆ ಬೇರಿಂಗ್ ಹಾಳು.

ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ಆಮೇಲೆ ಡಿಸ್ಕನ್ನು ಅಂಚಿನಲ್ಲಿ ಹಿಡಿದು ಖಾನೆಗೆ ಸೇರಿಸಿ. ಮೂರು ಖಾನೆ ಇದ್ದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಖಾಲಿ ಬಿಡಿ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟಿದಾಗ ಕ್ಯಾಬಿನೆಟ್ಟಿನ ಒಳಗೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಬಹಳಷ್ಟು ಡಿಸ್ಕುಗಳ ಮಿತಿ 60. ಎದುರಿನ ಫ್ಯಾನ್ ಇಲ್ಲದಿದ್ದರೆ ಈ ನೆವದಲ್ಲೇ ಒಂದು ಹಾಕಿಸಿ. ಎರಡೂ ಕಡೆ ಎರಡೆರಡು ಸ್ಕ್ರೂ ಬಿಗಿಯಿರಿ, ಸಡಿಲ ಬಿಟ್ಟರೆ ಡಿಸ್ಕ್ ನಡುಗಿ ಗುಂಯ್‌ಗುಡುತ್ತದೆ.

ಈಗ ಡೇಟಾ ಕೇಬಲ್ಲನ್ನು ಮದರ್‌ಬೋರ್ಡಿಗೂ ಡಿಸ್ಕಿಗೂ, ಪವರ್ ಪ್ಲಗ್ಗನ್ನು ಡಿಸ್ಕಿಗೆ ಚುಚ್ಚಿ. ಸಾಟಾ ಪ್ಲಗ್ಗುಗಳ ಒಳಗೆ ಮೊಣಕೈ ಮಡಿಸಿದಂಥ ತಿರುವು ಇರುತ್ತದೆ, ಉಲ್ಟಾ ಹೋಗುವುದಿಲ್ಲ. ಹೋಗದಿದ್ದರೆ ತಿರುಗಿಸಿ, ಗುದ್ದಬೇಡಿ. ಡಿಸ್ಕಿನ ಕಡೆಯ ಪ್ಲಾಸ್ಟಿಕ್ ನಾಲಗೆ ಮುರಿದರೆ ವಾರಂಟಿಯವರು ಮುಟ್ಟುವುದೂ ಕಷ್ಟ.

ತಗಡು ಮುಚ್ಚುವ ಮೊದಲೇ ಚಾಲೂ ಮಾಡಿ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ (ವಿಂಡೋಸ್ ಬರುವ ಮುಂಚಿನ ಸೆಟ್ಟಿಂಗ್ ಪರದೆ) ಹೋಗಿ. ಹೊಸ ಡಿಸ್ಕಿನ ಹೆಸರು ಕಾಣದಿದ್ದರೆ ಬಂದ್ ಮಾಡಿ ಪೋರ್ಟ್ ಬದಲಿಸಿ, ಆಮೇಲೆ ಕೇಬಲ್. ಕಟ್‌ಕಟ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಪವರ್ ಪ್ಲಗ್ ಬದಲಿಸಿ ನೋಡಿ; ಆಗಲೂ ಬಡಿದರೆ ಡಿಸ್ಕನ್ನು ಅಂಗಡಿಗೆ ಮರಳಿಸಿ. ವಿಂಡೋಸ್ ಏಳದೆ ಹೋದರೆ ಗಾಬರಿ ಬೇಡ, ಬೂಟ್ ಸರದಿಯಲ್ಲಿ ಹೊಸ ಡಿಸ್ಕ್ ಮುಂದೆ ನಿಂತಿರುತ್ತದೆ, ಹಳೆಯದನ್ನು ಮೇಲಕ್ಕೆ ತನ್ನಿ.

ವಿಂಡೋಸ್ ಬಂದರೂ 'ದಿಸ್ ಪಿಸಿ'ಯಲ್ಲಿ ಏನೂ ಕಾಣದು. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಂಬಿಆರ್, ಜಿಪಿಟಿ (ಡಿಸ್ಕಿನ ಜಾಗ ಹಂಚುವ ಎರಡು ಪದ್ಧತಿ) ಯಾವುದು ಎಂದು ಕೇಳಿದರೆ ಜಿಪಿಟಿ ಆರಿಸಿ. ಎಂಬಿಆರ್ 2 ಟಿಬಿ ದಾಟಿದ ಜಾಗವನ್ನು ಬಳಸಲಾರದು. ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಕ್ವಿಕ್ ಫಾರ್ಮ್ಯಾಟ್. ಒತ್ತುವ ಮುಂಚೆ ಡಿಸ್ಕ್ ನಂಬರ್, ಗಾತ್ರ ಎರಡನ್ನೂ ಇನ್ನೊಮ್ಮೆ ನೋಡಿ. ಬೇರೆ ಸಿಸ್ಟಮ್‌ನಿಂದ ತೆಗೆದ, ಡೇಟಾ ಇರುವ ಡಿಸ್ಕನ್ನು ಇನಿಶಿಯಲೈಸ್ ಮಾಡು (ಹೊಸದರಂತೆ ಸಿದ್ಧಪಡಿಸು) ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. 2 ಟಿಬಿ ಡಿಸ್ಕ್ 1.81 ಎಂದು ತೋರಿಸಿದರೆ ಅಂಗಡಿಯವರ ಜೊತೆ ಜಗಳ ಬೇಡ: ಕಂಪನಿ 1000ದ ಲೆಕ್ಕದಲ್ಲಿ ಬರೆಯುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ.

ಫೋಟೋಗಳ ಒಂದೇ ಪ್ರತಿಯನ್ನು ಇಲ್ಲಿಗೆ ಸಾಗಿಸಿ ನಿಶ್ಚಿಂತರಾಗಬೇಡಿ. ಎಸ್‌ಎಂಪಿಎಸ್ ಕೆಟ್ಟರೆ ಎರಡೂ ಡಿಸ್ಕ್ ಒಟ್ಟಿಗೇ ಹೋಗಬಹುದು, ಇನ್ನೊಂದು ಪ್ರತಿ ಹೊರಗಿರಲಿ. ಒಂದು ವಾರದ ಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಹಾಕಿ ನೋಡಿ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟದ್ದಕ್ಕೆ ಬದಲಿಸಿದ ತುಣುಕುಗಳ ಎಣಿಕೆ) ಸೊನ್ನೆಯಿಂದ ಏರಿದ್ದರೆ ಡಿಸ್ಕ್ ವಾಪಸ್ ಕೊಡಿ. ಅದು ಸೊನ್ನೆಯಲ್ಲೇ ಇದ್ದು ಸಿಆರ್‌ಸಿ ಎರರ್ (ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ) ಮಾತ್ರ ಏರುತ್ತಿದ್ದರೆ ಮೊದಲು ಡೇಟಾ ಕೇಬಲ್ ಬದಲಿಸಿ.